ಏನೂ ಆಗಲಿಲ್ಲ, ಯಾಕೆ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನಮ್ಮ ವಿಮಾನಕ್ಕೆ ಸಿಡಿಲು ಬಡಿಯಿತು. ಏನೂ ಆಗಲಿಲ್ಲ, ಸುಖವಾಗಿ ಇಳಿದೆವು. ಅದೇ ವಿಮಾನದಲ್ಲಿ ಮುಂದಕ್ಕೆ ಹೋಗಬೇಕಿತ್ತು. ತಪಾಸಣೆ ಅಂತ ಮೂರು ಗಂಟೆ ಕೂರಿಸಿದರು. ಸುಮ್ನೆ ನಾಟಕ ಅಲ್ವಾ?’

ಸಂ: ಅಷ್ಟು ಹೊತ್ತು ಕೂರಿಸಿ ಕಾರಣ ಸರಿಯಾಗಿ ಹೇಳದಿದ್ದರೆ ತಪ್ಪು. ಅಷ್ಟರ ಮಟ್ಟಿಗೆ ನಾನು ನಿಮ್ಮ ಕಡೆ. ಆದರೆ ನಾಟಕ ಅಂದಿರಲ್ಲ, ಅದನ್ನು ಒಪ್ಪಲಾರೆ ಸ್ವಾಮಿ.

1963ರ ಡಿಸೆಂಬರ್ 8ರ ರಾತ್ರಿ. ಪ್ಯಾನ್ ಆಮ್ ಕಂಪನಿಯ ಬೋಯಿಂಗ್ 707 ಫಿಲಡೆಲ್ಫಿಯಾದಲ್ಲಿ ಇಳಿಯಲು ಸರದಿ ಕಾಯುತ್ತ ಆಕಾಶದಲ್ಲೇ ಸುತ್ತುತ್ತಿತ್ತು. ಸಿಡಿಲಿಗೆ ಎಡ ರೆಕ್ಕೆಯ ಟ್ಯಾಂಕಿನಲ್ಲಿದ್ದ ಇಂಧನದ ಆವಿ ಹೊತ್ತಿಕೊಂಡಿತು ಎಂದು ತನಿಖೆ ಹೇಳಿತು. ವಿಮಾನ ಮೇರಿಲ್ಯಾಂಡ್‌ನ ಎಲ್ಕ್‌ಟನ್ ಬಳಿ ಬಿತ್ತು. 81 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಟ್ಯಾಂಕಿನ ಹತ್ತಿರ ಒಂದು ಕಿಡಿಯೂ ಹಾರಬಾರದು ಎಂಬ ಹಟ ಆಮೇಲೆ ಗಟ್ಟಿಯಾಯಿತು. 1980ರ ದಶಕದಲ್ಲಿ ನಾಸಾದ ಪೈಲಟ್‌ಗಳಂತೂ ಎಫ್-106 ಜೆಟ್ ವಿಮಾನವನ್ನು ಬೇಕಂತಲೇ ಗುಡುಗಿನ ಮೋಡದೊಳಗೆ ನುಗ್ಗಿಸಿ 700ಕ್ಕೂ ಹೆಚ್ಚು ಸಲ ಸಿಡಿಲು ಹೊಡೆಸಿಕೊಂಡರು! ಎಷ್ಟೋ ಸಲ ವಿಮಾನವೇ ಸಿಡಿಲನ್ನು ಕೆಣಕಿ ಕರೆಯುತ್ತದೆ ಅನ್ನುವುದು ಅಲ್ಲಿ ಖಚಿತವಾಯಿತು.

ಸಾಮಾನ್ಯವಾಗಿ ಕರೆಂಟು ಮೂಗಿನಲ್ಲೋ ರೆಕ್ಕೆಯ ತುದಿಯಲ್ಲೋ ಹೊಕ್ಕು, ಲೋಹದ ಹೊರಮೈ ಮೇಲೇ ಹರಿದು, ಬಾಲದಿಂದ ಹೊರಟುಹೋಗುತ್ತದೆ. ಒಳಗಿದ್ದವರಿಗೆ ಒಂದು ಬೆಳಕು, ಒಂದು ಸದ್ದು, ಅಷ್ಟೇ. ಆದರೆ ವಿಮಾನ ಮುಂದಕ್ಕೆ ಓಡುತ್ತಿರುತ್ತದಲ್ಲ, ಸಿಡಿಲು ಅದರ ಮೈಮೇಲೆ ಹಿಂದಕ್ಕೆ ಜಾರುತ್ತ ಸಾಲಾಗಿ ಸುಟ್ಟ ಚುಕ್ಕೆ ಇಡುತ್ತದೆ. ಅಲ್ಲಲ್ಲಿ ತಗಡು ಜೋಡಿಸುವ ರಿವೆಟ್ಟಿನ ತಲೆ ಕರಗಿರುತ್ತದೆ. ಮೆಕ್ಯಾನಿಕ್ ಏಣಿ ಹತ್ತಿ ಟಾರ್ಚ್ ಹಿಡಿದು ಹುಡುಕುವುದು ಇದನ್ನೇ. ಬೋಯಿಂಗ್ 787 ಡ್ರೀಮ್‌ಲೈನರ್‌ನಂಥ ವಿಮಾನದಲ್ಲಿ ಕೆಲಸ ಇನ್ನೂ ಜಾಸ್ತಿ. ಅದರ ತೂಕದಲ್ಲಿ ಸುಮಾರು ಅರ್ಧ ಕಾಂಪೋಸಿಟ್, ಅಂದರೆ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ ವಸ್ತು, ಮುಖ್ಯವಾಗಿ ಕಾರ್ಬನ್ ಫೈಬರ್. ಅದರಲ್ಲಿ ಕರೆಂಟು ಲೋಹದಷ್ಟು ಸಲೀಸಾಗಿ ಹರಿಯುವುದಿಲ್ಲ. ಹಾಗಾಗಿ ಹೊರಪದರದಲ್ಲಿ ತೆಳು ಲೋಹದ ಜಾಲರಿ ಕೂರಿಸುತ್ತಾರೆ. ಆದರೂ ಮೇಲೆ ಬಣ್ಣ ಚೂರು ಎದ್ದಂತೆ ಕಂಡ ಕಡೆ ಒಳಗಿನ ಪದರ ಬಿಟ್ಟುಕೊಂಡಿರಬಹುದು. ಮೂರು ಗಂಟೆ ನನಗಂತೂ ಕಡಿಮೆಯೇ ಅನ್ನಿಸುತ್ತದೆ.

ನಮ್ಮಲ್ಲಿ ಏನೂ ಆಗದಂತೆ ನೋಡಿಕೊಂಡವರಿಗೆ ಬೆಲೆ ಇಲ್ಲ. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ನೆನಪಾಗುವುದು ಕರೆಂಟು ಹೋದಾಗ ಮಾತ್ರ, ಅದೂ ಬೈಯುವುದಕ್ಕೆ. ವಿಮಾನಕ್ಕೆ ಸಿಡಿಲು ಬಡಿದು ಎಲ್ಲರೂ ಪಾರಾದರೆ ಟೀವಿಯವರು ಕೆಂಪಕ್ಷರದಲ್ಲಿ ‘ಪವಾಡ’ ಅಂತ ಓಡಿಸುತ್ತಾರೆ. ನೀವು ಅವರಿಗೊಂದು ಖಾರದ ಪತ್ರ ಬರೆಯಿರಿ, ನಾನೂ ಕೆಳಗೆ ಸಹಿ ಹಾಕುತ್ತೇನೆ.