ಸಂಬಳದಾಚೆಗೆ ಕೆಲಸದಲ್ಲಿ ಹುರುಪು ಎಲ್ಲಿಂದ ಬರುತ್ತದೆ?

ಸಂಬಳ ಚೆನ್ನಾಗಿದ್ದರೂ ಬೆಳಗ್ಗೆ ಕೆಲಸಕ್ಕೆ ಹೊರಡಲು ಮನಸ್ಸೇಕೆ ಒಪ್ಪುವುದಿಲ್ಲ ಎಂದು ಕೇಳಿದ್ದೀರಿ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತುಂಡುಗಳನ್ನು ಜೋಡಿಸಿ ಆಕೃತಿ ಮಾಡುವ ಒಗಟನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಒಂದು ಗುಂಪಿಗೆ ಮಾತ್ರ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಡಲಾಯಿತು. ಹಣ ನಿಂತ ಮೇಲೆ ಆ ಗುಂಪಿನವರು ಬಿಡುವಿನ ವೇಳೆಯಲ್ಲಿ ಒಗಟಿನತ್ತ ಮೊದಲಿನಷ್ಟು ಒಲವು ತೋರಲಿಲ್ಲ. ಹಾಗೆಂದು ಹಣ ಬೇಡವೆಂದಲ್ಲ. ಮನೆ ಬಾಡಿಗೆಗೇ ಪರದಾಡುವವರಿಗೆ ಧ್ಯೇಯದ ಉಪದೇಶ ಮಾಡುವುದು ನನಗೆ ಕ್ರೌರ್ಯವೆನಿಸುತ್ತದೆ.

ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ರೂಪಿಸಿದ ಸಿದ್ಧಾಂತದ ಪ್ರಕಾರ, ಒಳಗಿನ ಪ್ರೇರಣೆಗೆ ಸ್ವಂತ ನಿರ್ಧಾರದ ಅವಕಾಶ, ಕೈ ಪಳಗುತ್ತಿದೆಯೆಂಬ ಅರಿವು ಮತ್ತು ಇತರರೊಂದಿಗಿನ ನಂಟು ಬೇಕು. ಕೊನೆಯದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ.

ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನೇ ನೋಡಿ. ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕೋಚವೇ ಊರಿನಲ್ಲೊಂದು ಶಾಲೆ ಬೇಕೆಂಬ ಹಟವಾಯಿತು. ಅವರಿಗೆ 2020ನೇ ಸಾಲಿನ ಪದ್ಮಶ್ರೀ ಬಂದದ್ದು ಬಹಳ ನಂತರ. ಗಮನಿಸಿ, ಅವರು ಹಣ್ಣಿನ ವ್ಯಾಪಾರವನ್ನು ಬಿಡಲಿಲ್ಲ; ಅದೇ ಬುಟ್ಟಿಯ ದುಡಿಮೆ ಊರಿನ ಮಕ್ಕಳಿಗಾಗಿ ಎಂದಾದಾಗ ಅದರ ಅರ್ಥ ಬದಲಾಯಿತು.

ಆದ್ದರಿಂದ ರಾಜೀನಾಮೆ ಬರೆಯುವ ಮೊದಲು, ನಿಮ್ಮ ಕೆಲಸ ಕೊನೆಗೆ ಯಾರ ಕೈ ಸೇರುತ್ತದೆಯೋ ಅವರನ್ನು ಒಮ್ಮೆ ಭೇಟಿಯಾಗಿ, ಅವರಿಗೆ ಏನು ಅಡಚಣೆಯೆಂದು ಕೇಳಿ. ದಿನದ ಒಂದು ಗಂಟೆಯನ್ನಾದರೂ ನಿಮ್ಮಿಷ್ಟದಂತೆ ಯೋಜಿಸಲು ಮೇಲಧಿಕಾರಿಯ ಒಪ್ಪಿಗೆ ಪಡೆಯಿರಿ.