ವಿಯೆಟ್ನಾಂ ರೈಲು: ಇಡೀ ದಾರಿ ಒಂದೇ ಸಲ ಬೇಡ, ತುಂಡು ಮಾಡಿಕೊಂಡು ಹೋಗಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಿಯೆಟ್ನಾಂ ರೈಲಿನ ಬಗ್ಗೆಯೇ ಇದ್ದವು. ಕೆಲವರು ಟಿಕೆಟ್ ತೆಗೆದುಕೊಂಡೇ ಬಿಟ್ಟಿದ್ದಾರೆ, ಕೆಲವರು ಇನ್ನೂ ಮ್ಯಾಪ್ ಹರಡಿಕೊಂಡು ಕೂತಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಹನೋಯ್‌ನಲ್ಲಿ ಹತ್ತಿ ಹೋ ಚಿ ಮಿನ್ ಸಿಟಿಯಲ್ಲಿ ಇಳಿಯಬೇಕು, ನಡುವೆ ಎಲ್ಲೂ ಇಳಿಯಬಾರದು ಅಂತ ಆಸೆ. ಎಷ್ಟು ಹೊತ್ತು ಹಿಡಿಯುತ್ತದೆ? ಮಾಡಬಹುದಾ?

ಮಾಡಬಹುದು. ಆದರೆ ನಾನಾದರೆ ಬೇಡ ಅನ್ನುತ್ತೇನೆ.

ದಾರಿ 1726 ಕಿಲೋಮೀಟರ್. ಟ್ರೈನ್ ಯಾವುದು ಅನ್ನುವುದರ ಮೇಲೆ 30ರಿಂದ 35 ಗಂಟೆ ಆಗುತ್ತದೆ. ಅಂದರೆ ಸರಾಸರಿ ಗಂಟೆಗೆ 50 ಕಿಲೋಮೀಟರ್ ಆಸುಪಾಸು. ಇದು ಮೀಟರ್ ಗೇಜ್, ಅದರ ಮೇಲೆ ಸಿಂಗಲ್ ಲೈನ್. ಎದುರಿನ ಗಾಡಿ ಬರುವವರೆಗೆ ಯಾವುದೋ ಸಣ್ಣ ಸ್ಟೇಷನ್‌ನಲ್ಲಿ ಸುಮ್ನೆ ನಿಂತಿರಬೇಕಾಗುತ್ತದೆ. ನಿಧಾನ ಇರುವುದೇನೂ ತಪ್ಪಲ್ಲ, ಟ್ರೈನ್ ಹತ್ತುವುದೇ ಅದಕ್ಕೆ ಅಲ್ವಾ? ತೊಂದರೆ ಬೇರೆ ಕಡೆ ಇದೆ. ಒಂದೇ ಸಲ ಹೋದರೆ ಅರ್ಧ ದೇಶ ಕತ್ತಲೆಯಲ್ಲಿ ದಾಟಿಹೋಗುತ್ತದೆ, ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಕಿಟಕಿ ಆಚೆ ಎಷ್ಟು ಚಂದದ ಗದ್ದೆ ಇದ್ದರೂ ನೋಡುವ ಉತ್ಸಾಹ ಉಳಿದಿರುವುದಿಲ್ಲ, ಬೆನ್ನು ನೋವಷ್ಟೇ ಉಳಿದಿರುತ್ತದೆ.

ಹೀಗೆ ಮಾಡಿ ನೋಡಿ. ಹನೋಯ್‌ನಿಂದ ಸಂಜೆ ಅಥವಾ ರಾತ್ರಿಯ ಟ್ರೈನ್ ಹತ್ತಿ, ಬೆಳಿಗ್ಗೆ ಹುವೆ ತಲುಪುತ್ತೀರಿ. ಅಲ್ಲಿ ಇಳಿದು ಹಳೆಯ ರಾಜರ ಕೋಟೆ, ಗೋರಿಗಳನ್ನು ನೋಡಿ. ಹುವೆಯಿಂದ ದಾ ನಾಂಗ್‌ಗೆ ಹಗಲು ಹೊತ್ತಿನ ಟ್ರೈನ್, ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ದಾ ನಾಂಗ್‌ನಲ್ಲಿ ಇಳಿದು ಹೋಯ್ ಆನ್ ನೋಡಿ. ಹೋಯ್ ಆನ್‌ಗೆ ಸ್ಟೇಷನ್ ಇಲ್ಲ, ದಾ ನಾಂಗ್‌ನಿಂದ ಸುಮಾರು 30 ಕಿಲೋಮೀಟರ್ ರಸ್ತೆಯಲ್ಲೇ ಹೋಗಬೇಕು. ಆಮೇಲೆ ನ್ಯಾ ಟ್ರಾಂಗ್. ಅಲ್ಲಿಂದ ಕೊನೆಯ ತುಂಡಿಗೆ ಮತ್ತೆ ರಾತ್ರಿ ಟ್ರೈನ್.

ಒಂದು ಮಾತು ಗಮನದಲ್ಲಿರಲಿ. ಪೂರ್ತಿ ದಾರಿಯ ಟಿಕೆಟ್ ತೆಗೆದುಕೊಂಡು ನಡುವೆ ಇಳಿದು ಮತ್ತೆ ಹತ್ತುವ ಹಾಗಿಲ್ಲ. ಪ್ರತಿ ತುಂಡಿಗೂ ಬೇರೆ ಟಿಕೆಟ್ ಬೇಕು. ಇನ್ನೊಂದು, ಟಿಕೆಟ್ ಹುಡುಕುವಾಗ ಹೋ ಚಿ ಮಿನ್ ಸಿಟಿ ಅಂತ ಹಾಕಿ ಸಿಗಲಿಲ್ಲ ಅಂತ ಗಾಬರಿ ಬೀಳಬೇಡಿ. ರೈಲ್ವೆಯವರಿಗೆ ಆ ಸ್ಟೇಷನ್ ಇವತ್ತಿಗೂ ಸೈಗಾನ್.

ಪ್ರಶ್ನೆ: ಹಾಯ್ ವಾನ್ ಘಾಟಿ ನೋಡಲು ಯಾವ ಕಡೆ ಕೂರಬೇಕು? ನಿಜವಾಗಿಯೂ ಅಷ್ಟು ಚೆನ್ನಾಗಿದೆಯಾ?

ಹುವೆಯಿಂದ ದಾ ನಾಂಗ್ ಕಡೆ ಹೋಗುತ್ತಿದ್ದರೆ ಎಡಗಡೆ. ಉಲ್ಟಾ ಬರುತ್ತಿದ್ದರೆ ಬಲಗಡೆ. ಸಮುದ್ರ ಯಾವಾಗಲೂ ಪೂರ್ವಕ್ಕೇ ಇರುತ್ತದೆ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಚೆನ್ನಾಗಿದೆಯಾ ಅಂತ ಕೇಳಿದ್ದೀರಿ. ಸುಮಾರು 100 ಕಿಲೋಮೀಟರ್ ದಾರಿಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ಮೊದಲು ಹೊಲಗದ್ದೆ, ನಡುನಡುವೆ ಬಣ್ಣ ಬಳಿದ ಸಮಾಧಿಗಳು. ಆಮೇಲೆ ಲಾಂಗ್ ಕೋ ಬರುತ್ತದೆ, ಹಿನ್ನೀರಿನ ಆಚೆ ಮರಳಿನ ಪಟ್ಟಿ, ಅದರಾಚೆ ಕಡಲು. ಅಲ್ಲಿಂದ ಗಾಡಿ ಏರಲು ಶುರು ಮಾಡುತ್ತದೆ. ವೇಗ ಎಷ್ಟು ಇಳಿಯುತ್ತದೆ ಎಂದರೆ ಹಳಿಯ ಪಕ್ಕದ ಎಲೆಗಳನ್ನು ಒಂದೊಂದಾಗಿ ನೋಡಬಹುದು. ಒಂದು ಕಡೆ ಬೆಟ್ಟ ಕಿಟಕಿಗೆ ತಾಗುವಷ್ಟು ಹತ್ತಿರ, ಇನ್ನೊಂದು ಕಡೆ ಕೆಳಗೆ ಬಂಡೆ, ನೊರೆ, ಯಾರೂ ಇಲ್ಲದ ಸಣ್ಣ ಬೀಚು. ತಿರುವುಗಳು ಎಷ್ಟು ಬಿಗಿ ಎಂದರೆ ನಡುವಿನ ಬೋಗಿಯಲ್ಲಿ ಕೂತವರಿಗೆ ತಮ್ಮದೇ ಗಾಡಿಯ ಎಂಜಿನ್ ಮುಂದೆ ಸುರಂಗಕ್ಕೆ ನುಗ್ಗುವುದು ಕಾಣುತ್ತದೆ. ಸುರಂಗದಿಂದ ಹೊರಗೆ ಬಂದಾಗ ಮೋಡ ಇಳಿದಿದ್ದರೆ ಕಡಲೇ ಇರುವುದಿಲ್ಲ, ಮುಂದಿನ ತಿರುವಿನಲ್ಲಿ ಮತ್ತೆ ಬಂದುಬಿಡುತ್ತದೆ.

ಬಸ್ಸಿನಲ್ಲಿ ಹೋದವರಿಗೆ ಇದ್ಯಾವುದೂ ಸಿಗುವುದಿಲ್ಲ. 2005ರಲ್ಲಿ ಘಾಟಿಯ ಕೆಳಗೆ 6 ಕಿಲೋಮೀಟರ್‌ಗಿಂತ ಉದ್ದದ ರಸ್ತೆ ಸುರಂಗ ಆಯಿತು, ಬಸ್ಸುಗಳೆಲ್ಲ ಅದರೊಳಗೇ ಹೋಗುತ್ತವೆ. 2024ರಿಂದ ಹುವೆ–ದಾ ನಾಂಗ್ ನಡುವೆ ಪ್ರವಾಸಿಗರಿಗಾಗಿಯೇ ಒಂದು ವಿಶೇಷ ಟ್ರೈನ್ ಕೂಡ ಬಿಟ್ಟಿದ್ದಾರೆ. ಅದು ಸಿಗದಿದ್ದರೂ ಬೇಜಾರು ಬೇಡ, ಮಾಮೂಲಿ ಟ್ರೈನಿನ ಸೀಟು ಸಾಕು. ಕಿಟಕಿ ಗಾಜು ಮಾತ್ರ ಎಷ್ಟೋ ಸಲ ಕೊಳೆಯಾಗಿರುತ್ತದೆ, ಒಂದು ಒದ್ದೆ ಬಟ್ಟೆ ಇಟ್ಟುಕೊಂಡರೂ ಪ್ರಯೋಜನ ಇಲ್ಲ, ಕೊಳೆ ಇರುವುದು ಹೊರಗಡೆ.

ಪ್ರಶ್ನೆ: ಅಪ್ಪ ಅಮ್ಮ ಜೊತೆಗಿದ್ದಾರೆ, ಇಬ್ಬರಿಗೂ ಮಂಡಿ ನೋವು. ಯಾವ ಕ್ಲಾಸ್ ತೆಗೆದುಕೊಳ್ಳಲಿ?

ಸಾಫ್ಟ್ ಸ್ಲೀಪರ್, ಕೆಳಗಿನ ಬರ್ತ್. ಯೋಚನೆಯೇ ಬೇಡ. ಬಾಗಿಲು ಹಾಕಿಕೊಳ್ಳುವ ಕೂಪೆ, ಒಳಗೆ ನಾಲ್ಕೇ ಬರ್ತ್. ಕೆಳಗಿನದಕ್ಕೆ ಮೇಲಿನದಕ್ಕಿಂತ ರೇಟು ಜಾಸ್ತಿ, ಆ ದುಡ್ಡು ಕೊಡಿ. ಹಾರ್ಡ್ ಸ್ಲೀಪರ್ ಎಂದರೆ ಆರು ಬರ್ತ್, ಒಂದರ ಮೇಲೊಂದು ಮೂರು. ತೆಳ್ಳನೆ ಹಾಸಿಗೆ ಅದರಲ್ಲೂ ಇರುತ್ತದೆ, ಆದರೆ ತೀರಾ ಮೇಲಿನ ಬರ್ತ್‌ನಲ್ಲಿ ಎದ್ದು ಕೂರುವುದಕ್ಕೂ ಆಗುವುದಿಲ್ಲ. ಹುಡುಗರಿಗೆ ಪರವಾಗಿಲ್ಲ, ಅಗ್ಗ.

ನಿಜವಾದ ಕಷ್ಟ ಹತ್ತುವಾಗ. ಪ್ಲಾಟ್‌ಫಾರ್ಮ್ ತಗ್ಗಾಗಿರುತ್ತದೆ, ಬೋಗಿಯ ಮೆಟ್ಟಿಲು ಕಡಿದಾಗಿರುತ್ತದೆ, ಕೆಲವು ಕಡೆ ಹಳಿ ದಾಟಿಕೊಂಡೇ ಇನ್ನೊಂದು ಗಾಡಿಯ ಹತ್ತಿರ ಹೋಗಬೇಕು. ಸಣ್ಣ ಸ್ಟೇಷನ್‌ಗಳಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಹಾಗಾಗಿ ದೊಡ್ಡ ಸೂಟ್‌ಕೇಸ್ ಬೇಡ, ಒಬ್ಬೊಬ್ಬರಿಗೆ ಒಂದು ಸಣ್ಣ ಬ್ಯಾಗ್ ಸಾಕು. ನೀವು ಮೂರೇ ಜನ ಆದರೆ ನಾಲ್ಕನೇ ಬರ್ತ್‌ಗೆ ಯಾರೋ ಬರುತ್ತಾರೆ, ಗಂಡಸೋ ಹೆಂಗಸೋ ಹೇಳಲಾಗುವುದಿಲ್ಲ. ಅದು ಇಷ್ಟವಿಲ್ಲದಿದ್ದರೆ ನಾಲ್ಕನ್ನೂ ತೆಗೆದುಕೊಳ್ಳುವವರಿದ್ದಾರೆ. ನಡುದಾರಿಯಲ್ಲಿ ಹತ್ತಿದರೆ ಹಿಂದಿನವರು ಹೊದ್ದ ಹೊದಿಕೆಯೇ ಕೈಗೆ ಬರುವುದೂ ಉಂಟು. ಒಂದು ಹತ್ತಿಯ ಶಾಲು ಇಟ್ಟುಕೊಳ್ಳಿ. ಟಿಶ್ಯೂ ಪೇಪರ್ ಕೂಡ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಟ್ರೈನಿನಲ್ಲಿ ಏನು ಸಿಗುತ್ತದೆ?

ಟ್ರೈನಿನಲ್ಲಿ ಕಡಿಮೆ. ಊರುಗಳಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ಟ್ರೈನಿನೊಳಗೆ ಕಾರಿಡಾರ್ ಪೂರ್ತಿ ತುಂಬುವ ಟ್ರಾಲಿ ಬರುತ್ತದೆ. ಅನ್ನದ ಮೇಲೆ ಹಂದಿ ಮಾಂಸವೋ ಕೋಳಿಯೋ, ಪಕ್ಕದಲ್ಲಿ ಬೇಯಿಸಿದ ಸೊಪ್ಪು. ಸೊಪ್ಪು ಮಾತ್ರ ಕೊಡಿ ಅಂದರೂ ಅದರಲ್ಲಿ ಮೀನಿನ ಸಾಸ್ ಇರುವ ಸಾಧ್ಯತೆ ಜಾಸ್ತಿ, ಅಲ್ಲಿ ಉಪ್ಪಿನ ಬದಲು ಅದನ್ನೇ ಹಾಕುತ್ತಾರೆ ಅನ್ನಬಹುದು. ಗಂಜಿ ನೋಡಿ ಖುಷಿಪಡಬೇಡಿ, ಅದೂ ಸಾಮಾನ್ಯವಾಗಿ ಮಾಂಸದ ಗಂಜಿಯೇ. ಹಾಗಾಗಿ ಹತ್ತುವ ಮೊದಲೇ ಹಣ್ಣು, ಬ್ರೆಡ್, ಕಪ್ ನೂಡಲ್ಸ್ ತೆಗೆದುಕೊಳ್ಳಿ. ಬೋಗಿಯ ತುದಿಯಲ್ಲಿ ಬಿಸಿನೀರಿನ ನಲ್ಲಿ ಇರುತ್ತದೆ. ನೂಡಲ್ಸ್ ಪ್ಯಾಕೆಟ್ ಮೇಲೆ ‘ಚಾಯ್’ ಅಂತ ಬರೆದಿದೆಯಾ ನೋಡಿ. ಅದು ನಾವು ಕುಡಿಯುವ ಚಹಾ ಅಲ್ಲ, ಮಾಂಸ ಮೀನು ಇಲ್ಲ ಅಂತ ಅರ್ಥ. ಹೋಟೆಲಿನಲ್ಲೂ ‘ಆನ್ ಚಾಯ್’ ಅಂದರೆ ಸಾಕು, ಉಚ್ಚಾರ ಸರಿಯಿಲ್ಲದಿದ್ದರೆ ಫೋನಿನಲ್ಲಿ ಬರೆದು ತೋರಿಸಿ.

ಊರುಗಳ ವಿಷಯ ಬೇರೆ. ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆ ದಿನ ಮಾಮೂಲಿ ಅಂಗಡಿಗಳೂ ಚಾಯ್ ಅಡುಗೆ ಮಾಡುತ್ತವೆ. ಹುವೆಯಲ್ಲಿ ಪಗೋಡಾಗಳು ತುಂಬಾ, ಹಾಗಾಗಿ ಈ ಅಡುಗೆ ಅಲ್ಲಿ ಒಳ್ಳೆಯ ಹೆಸರು ಮಾಡಿದೆ. ಬೌದ್ಧ ಸಂಪ್ರದಾಯದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಅದು ಕೆಲವರಿಗೆ ಇನ್ನೂ ಅನುಕೂಲ.

ಪ್ರಶ್ನೆ: ಟಿಕೆಟ್ ಮುಂಚೆಯೇ ಬೇಕಾ, ಅಲ್ಲೇ ಹೋಗಿ ತೆಗೆದುಕೊಳ್ಳಬಹುದಾ? ವೀಸಾ ಹೇಗೆ?

ಸೀಟಿಗೆ ಒಂದೆರಡು ದಿನ ಮೊದಲು ಸ್ಟೇಷನ್‌ಗೆ ಹೋದರೂ ನಡೆಯುತ್ತದೆ. ಕೆಳಗಿನ ಬರ್ತ್ ಬೇಕು ಅಂದರೆ ಮುಂಚೆಯೇ ತೆಗೆದುಕೊಳ್ಳಿ, ಅವು ಮೊದಲು ಖಾಲಿಯಾಗುತ್ತವೆ. ರೈಲ್ವೆಯವರದೇ ವೆಬ್‌ಸೈಟ್ ಇದೆ, ಏಜೆಂಟರ ಹತ್ತಿರ ಹೋದರೆ ಅವರ ಕಮಿಷನ್ ಸೇರುತ್ತದೆ. ಟಿಕೆಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಬೇಕು, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಟ್ರೈನ್ ನಂಬರ್ ನೋಡಿಯೂ ದಿಕ್ಕು ಗೊತ್ತಾಗುತ್ತದೆ: ಎಸ್‌ಇ 1, ಎಸ್‌ಇ 3 ಥರ ಬೆಸ ಸಂಖ್ಯೆ ಇದ್ದರೆ ಹನೋಯ್‌ನಿಂದ ದಕ್ಷಿಣಕ್ಕೆ, ಸಮ ಸಂಖ್ಯೆ ಇದ್ದರೆ ಉತ್ತರಕ್ಕೆ.

ಟೆಟ್ ಹಬ್ಬದ ಸಮಯ ಮಾತ್ರ ತಪ್ಪಿಸಿ. ಅದು ಅವರ ಹೊಸ ವರ್ಷ, ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದೊಳಗೆ ಬರುತ್ತದೆ. ಇಡೀ ದೇಶವೇ ಊರಿಗೆ ಹೊರಟಿರುತ್ತದೆ, ಟಿಕೆಟ್‌ಗಳು ತಿಂಗಳುಗಟ್ಟಲೆ ಮೊದಲೇ ಹೋಗಿರುತ್ತವೆ. ಅಕ್ಟೋಬರ್, ನವೆಂಬರ್ ಕೂಡ ಸ್ವಲ್ಪ ಯೋಚಿಸಿ. ಹುವೆ, ದಾ ನಾಂಗ್ ಸುತ್ತ ಆಗ ಜೋರು ಮಳೆ. ನೆರೆ ಬಂದರೆ ಹಳಿ ಮುಚ್ಚಿ ಟ್ರೈನುಗಳೇ ನಿಲ್ಲುತ್ತವೆ.

ವೀಸಾ ಸುಲಭ. 2023ರ ಆಗಸ್ಟ್‌ನಿಂದ ಎಲ್ಲ ದೇಶದವರಿಗೂ 90 ದಿನಗಳವರೆಗಿನ ಇ-ವೀಸಾ ಇದೆ. ಸರ್ಕಾರದ ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ, ಅದೇ ಥರ ಕಾಣುವ ಬೇರೆ ಸೈಟುಗಳು ದುಪ್ಪಟ್ಟು ದುಡ್ಡು ಕೇಳುತ್ತವೆ.

ಪ್ರಶ್ನೆ: ಹನೋಯ್‌ನ ಟ್ರೈನ್ ಸ್ಟ್ರೀಟ್‌ಗೆ ಹೋಗಬಹುದಾ?

ಮನೆಗಳ ಬಾಗಿಲಿಗೆ ತಾಗಿಕೊಂಡೇ ಟ್ರೈನ್ ಹೋಗುವ ಗಲ್ಲಿ ಅದು. ಫೋಟೋ ಹುಚ್ಚು ಜಾಸ್ತಿಯಾಗಿ 2019ರಲ್ಲಿ ಅಲ್ಲಿನ ಕೆಫೆಗಳನ್ನು ಮುಚ್ಚಿಸಿದರು, 2022ರಲ್ಲಿ ಮತ್ತೆ ಮುಚ್ಚಿಸಿದರು, ಆದರೂ ಅವು ತಲೆ ಎತ್ತುತ್ತಲೇ ಇರುತ್ತವೆ. ನನಗೆ ಅದು ಹಿಡಿಸುವುದಿಲ್ಲ. ಅಲ್ಲಿ ಬದುಕುವವರಿಗೆ ಅದು ಮನೆಯಂಗಳ.

ಬದಲಿಗೆ ಲಾಂಗ್ ಬಿಯೆನ್ ಸೇತುವೆಗೆ ಹೋಗಿ. ಫ್ರೆಂಚರು 1902ರಲ್ಲಿ ಮುಗಿಸಿದ ಕಬ್ಬಿಣದ ಸೇತುವೆ, ಕೆಂಪು ನದಿಯ ಮೇಲೆ. ನಡುವೆ ಹಳಿ, ಎರಡೂ ಬದಿ ಬೈಕು, ಪಕ್ಕದಲ್ಲಿ ಜನ ನಡೆಯುವ ಹಾದಿ. ಮೊದಲು ಇದಕ್ಕೆ ಗವರ್ನರ್ ಜನರಲ್ ಪಾಲ್ ಡೂಮರ್ ಹೆಸರಿತ್ತು. ಅದೇ ಡೂಮರ್ ಆಮೇಲೆ ಫ್ರಾನ್ಸಿನ ಅಧ್ಯಕ್ಷನಾಗಿ 1932ರಲ್ಲಿ ಗುಂಡಿಗೆ ಬಲಿಯಾದ. ಅಮೆರಿಕದ ಬಾಂಬುಗಳು ಈ ಸೇತುವೆಯನ್ನು ಮತ್ತೆ ಮತ್ತೆ ಮುರಿದವು, ಮುರಿದಲ್ಲಿ ಬೇರೆ ಥರದ ಕಮಾನು ಹಾಕಿದರು. ಹಳೆಯ ಕಮಾನು ಯಾವುದು, ತೇಪೆ ಯಾವುದು ಅಂತ ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಹನೋಯ್–ಸೈಗಾನ್ ದಾರಿಯನ್ನು ‘ರೀಯೂನಿಫಿಕೇಶನ್’ (ಮತ್ತೆ ಒಂದಾಗುವುದು) ಲೈನ್ ಅನ್ನುವುದು ಯಾಕೆ?

ಉತ್ತರದಿಂದ ದಕ್ಷಿಣದವರೆಗೆ ಹಳಿ ಸೇರಿಸುವ ಕೆಲಸ ಫ್ರೆಂಚರ ಕಾಲದಲ್ಲಿ ಶುರುವಾಗಿ 1936ರಲ್ಲಿ ಮುಗಿಯಿತು. ಸರಿಯಾಗಿ ಇಪ್ಪತ್ತು ವರ್ಷವೂ ಓಡಲಿಲ್ಲ. 1954ರಲ್ಲಿ ದೇಶ ಎರಡಾಯಿತು, ಬೆನ್ ಹಾಯ್ ನದಿ ಗಡಿಯಾಯಿತು, ಲೈನ್ ಕೂಡ ಎರಡಾಯಿತು. ಯುದ್ಧ ಮುಗಿದ ಮೇಲೆ ಸಾವಿರಕ್ಕೂ ಹೆಚ್ಚು ಸೇತುವೆ ಸರಿಮಾಡಿ, 1976ರ ಡಿಸೆಂಬರ್ 31ರಂದು ಮತ್ತೆ ಕೂಡಿಸಿದರು. ಹನೋಯ್ ಸ್ಟೇಷನ್ ಎದುರು ನಿಂತರೆ ಎರಡು ಬದಿ ಫ್ರೆಂಚ್ ಕಟ್ಟಡ, ನಡುವೆ ಮಾತ್ರ ಸೊಗಸಿಲ್ಲದ ಕಾಂಕ್ರೀಟ್. 1972ರ ಡಿಸೆಂಬರ್ ಬಾಂಬ್ ದಾಳಿಯಲ್ಲಿ ನಡುವಿನ ಭಾಗ ಹೋಗಿತ್ತು.

ಪ್ರಶ್ನೆ: ಬೆಟ್ಟದ ಮೇಲಿನ ಊರು ದಾ ಲಾತ್‌ಗೆ ಟ್ರೈನ್ ಇದೆಯಾ?

ಇತ್ತು. ಮುಖ್ಯ ಲೈನಿನ ಥಾಪ್ ಚಾಮ್ ಸ್ಟೇಷನ್‌ನಿಂದ 84 ಕಿಲೋಮೀಟರ್, ಕಡಿದಾದ ಕಡೆ ಹಲ್ಲಿನ ಹಳಿ ಹಿಡಿದು ಹತ್ತುವ ಲೈನ್. ಯುದ್ಧದಲ್ಲಿ ನಿಂತುಹೋಯಿತು. ಉಳಿದ ಹಳೆಯ ಉಗಿ ಎಂಜಿನ್‌ಗಳಲ್ಲಿ ಕೆಲವನ್ನು 1990ರಲ್ಲಿ ಸ್ವಿಟ್ಜರ್ಲೆಂಡಿನ ರೈಲು ಪ್ರಿಯರು ಕೊಂಡು ವಾಪಸ್ ಆಲ್ಪ್ಸ್‌ಗೆ ಒಯ್ದರು, ಅವು ಹುಟ್ಟಿದ್ದೇ ಅಲ್ಲಿ. ಈಗ ಉಳಿದಿರುವುದು ದಾ ಲಾತ್‌ನಿಂದ ಟ್ರಾಯ್ ಮಾತ್‌ವರೆಗಿನ 7 ಕಿಲೋಮೀಟರ್, ಪ್ರವಾಸಿಗರಿಗೆ. ಆ ತುದಿಯಲ್ಲಿ ಒಡೆದ ಬಾಟಲಿ, ಪಿಂಗಾಣಿ ಚೂರುಗಳಿಂದ ಸಿಂಗರಿಸಿದ ಪಗೋಡಾ ಇದೆ, ಅದಕ್ಕಾಗಿ ಹೋಗಬಹುದು.

ಪ್ರಶ್ನೆ: ಹನೋಯ್‌ನಿಂದ ಉತ್ತರದ ಬೆಟ್ಟದ ಊರು ಸಾಪಾಗೆ ಟ್ರೈನಾ, ಬಸ್ಸಾ?

ಬೇಗ ತಲುಪಬೇಕಾದರೆ ಬಸ್ಸು. ಟ್ರೈನ್ ಲಾವ್ ಕಾಯ್‌ವರೆಗೆ ಮಾತ್ರ, ಸುಮಾರು ಎಂಟು ಗಂಟೆ, ಅಲ್ಲಿಂದ ಮತ್ತೆ ಒಂದು ಗಂಟೆ ರಸ್ತೆ. ರಾತ್ರಿ ಮಲಗಿಕೊಂಡು ಹೋಗುವ ಆಸೆ ಇದ್ದರೆ ಟ್ರೈನ್.

ಪ್ರಶ್ನೆ: ಹೈ-ಸ್ಪೀಡ್ ರೈಲು ಬರುತ್ತದಂತೆ. ಕಾಯೋಣವಾ?

2024ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿದೆ. 1541 ಕಿಲೋಮೀಟರ್, ಗಂಟೆಗೆ 350 ಕಿಲೋಮೀಟರ್ ವೇಗ, 2035ರ ಗುರಿ. ಕಾಯುತ್ತೀರಾ?

ಪ್ರಶ್ನೆ: ಕೈಯಲ್ಲಿ ಎಷ್ಟು ನಗದು ಇರಬೇಕು?

ಟ್ರಾಲಿ, ಸ್ಟೇಷನ್ ಅಂಗಡಿ, ಆಟೋ ಬದಲಿಗೆ ಸಿಗುವ ಬೈಕು, ಇವಕ್ಕೆಲ್ಲ ಚಿಲ್ಲರೆ ಬೇಕು. 10 ಸಾವಿರ, 20 ಸಾವಿರ, 50 ಸಾವಿರ ಡಾಂಗ್ ನೋಟುಗಳು ಸಾಕು. ಸೊನ್ನೆ ನೋಡಿ ಹೆದರಬೇಡಿ, ಎರಡು ದಿನದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಹುಷಾರಾಗಿರಬೇಕಾದ್ದು ಒಂದೇ ಕಡೆ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ಹೆಚ್ಚುಕಡಿಮೆ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಮುಖ. ರಾತ್ರಿ ಹತ್ತಕ್ಕೆ, ಮಂದ ದೀಪದಲ್ಲಿ, ನೀರಿನ ಬಾಟಲಿಗೆ 20 ಸಾವಿರ ಅಂದುಕೊಂಡು ಕೊಟ್ಟಿದ್ದು 5 ಲಕ್ಷ ಆಗಿರಬಹುದು. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಡಿ, ದೊಡ್ಡ ನೋಟನ್ನು ಹೋಟೆಲ್ ಬಿಲ್ಲಿಗೇ ಮುರಿಸಿ.