ಪ್ರತಿಕ್ರಿಯೆ: ಹಳೆಯ ಹಲಗೆಯ ಬಿಯರ್ ಪೆಟ್ಟಿಗೆಗೆ ತಳ ಹೇಗಿರಬೇಕು?

ನಮಸ್ಕಾರ. ಸೋಮವಾರಪೇಟೆಯ ಹಳೆ ಮನೆ ಕೆಡವಿದಾಗ ಸಿಕ್ಕ ಅರ್ಧ ಇಂಚಿನ ಸಿಲ್ವರ್ ಓಕ್ ಹಲಗೆಯಲ್ಲಿ 12 ಬಾಟಲಿಯ ಪೆಟ್ಟಿಗೆ ಮಾಡಬಹುದೇ, ತಳಕ್ಕೆ ಮೊಳೆ ಸಾಕೇ ಎಂದು ಕೇಳಿದ್ದೀರಿ. ಹಲಗೆ ಧಾರಾಳವಾಗಿ ಸಾಕು, ಮೊಳೆ ಮಾತ್ರ ಬೇಡ.

650 ಮಿಲಿಲೀಟರಿನ 12 ತುಂಬಿದ ಬಾಟಲಿ ಎಂದರೆ ಸುಮಾರು 14 ಕಿಲೋ. ಕೆಳಗಿನಿಂದ ಹೊಡೆದ ಮೊಳೆ ಈ ಭಾರಕ್ಕೆ ದಿನ ಕಳೆದಂತೆ ಜಾರಿ ಹೊರಬರುತ್ತದೆ. ಹಿಡಿಕೆಯಿರುವ ಎರಡು ಕಿರುಬದಿಗಳ ಒಳಗೆ, ಕೆಳಭಾಗದಲ್ಲಿ, ಒಂದೊಂದು ರೀಪನ್ನು (ಮರದ ಕಿರಿದಾದ ತುಂಡು) ಅಂಟು ಹಚ್ಚಿ ಸ್ಕ್ರೂ ಹಾಕಿ ಬಿಗಿಯಿರಿ. ತಳದ ಪಟ್ಟಿಗಳು ಅದರ ಮೇಲೆ ಕೂರಲಿ. ಆಗ ಎತ್ತುವಾಗ ಭಾರ ರೀಪಿನ ಮೇಲೆ ಬೀಳುತ್ತದೆ, ಮೊಳೆಯ ಮೇಲಲ್ಲ. ಪಟ್ಟಿಗಳ ನಡುವೆ ಬೆರಳು ತೂರದಷ್ಟು ಸಂದು ಬಿಡಿ. ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ತಣ್ಣನೆಯ ಬಾಟಲಿಯೂ ಬೆವರುತ್ತದೆ.

ಪ್ರತಿ ಬಾಟಲಿಗೆ 80 ಮಿಲಿಮೀಟರ್ ಚೌಕ ಕೊಡಿ. ಮೂರು ಸಾಲು, ಸಾಲಿಗೆ ನಾಲ್ಕು ಬಾಟಲಿ, ನಡುವೆ 6 ಮಿಲಿಮೀಟರ್ ಪ್ಲೈವುಡ್ ಎಂದರೆ ಒಳ ಅಳತೆ 252 × 338 ಮಿಲಿಮೀಟರ್. ಈ ಪ್ಲೈವುಡ್ ಅಡ್ಡಪಟ್ಟಿಗಳಿಗೆ ಅರ್ಧದವರೆಗೆ ಕಚ್ಚು ಹಾಕಿ ಒಂದಕ್ಕೊಂದು ಕೂರಿಸಿದರೆ ಅಂಟೇ ಬೇಡ.

ಸಿಲ್ವರ್ ಓಕ್ ತುದಿಯಲ್ಲಿ ಸುಲಭವಾಗಿ ಸೀಳುತ್ತದೆ. ಸ್ಕ್ರೂಗೆ ಮೊದಲು ಸಣ್ಣ ರಂಧ್ರ ಕೊರೆಯಲೇಬೇಕು. ಕೊಯ್ಯುವ ಮುನ್ನ ಹಲಗೆಯ ಮೇಲೆ ಅಯಸ್ಕಾಂತ ಆಡಿಸಿ, ಮುರಿದ ಮೊಳೆ ಉಳಿದಿದ್ದರೆ ಗರಗಸದ ಹಲ್ಲು ಹೋಗುತ್ತದೆ. ಹಳೆಯ ಬಣ್ಣವಿದ್ದರೆ ಒಣಗಿದ್ದಾಗ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ಆ ಭಾಗವನ್ನು ಬಿಟ್ಟುಬಿಡುವುದೇ ಮೇಲು. ಹುಡಿ ಉದುರುವ ಸಣ್ಣ ತೂತುಗಳಿರುವ ಹಲಗೆಯನ್ನು ಮನೆಯೊಳಗೆ ತರಲೇಬೇಡಿ, ಹುಳು ಬೇರೆ ಮರಕ್ಕೂ ಹತ್ತುತ್ತದೆ.